ಮಾಡೆಲ್ ಅಂದ್ರೆ ಟೇಬಲ್ ಅಲ್ಲ ಸ್ವಾಮೀ!

ತುಂಬಾ ದಿನದ ಮೇಲೆ ಬ್ಲಾಗಿನ ಕಡೆ ತಲೆ ಹಾಕ್ತಿದೀನಿ. ಕವಿತೆ, ಹರಟೆ, ಪ್ರವಾಸದ ಫೋಟೋ ನಿರೀಕ್ಷೆ ಮಾಡಿ ಬಂದವರು ದಯವಿಟ್ಟು ಕ್ಷಮಿಸಿ, ಇವತ್ತು ಹೊಟ್ಟೆಪಾಡಿನ ವಿಷಯ. ಆದ್ರೆ ಓಡಿ ಹೋಗಬೇಡಿ. ಕೋಡ್ ಬರೆಯದವರಿಗೂ ಅರ್ಥ ಆಗೋ ಹಾಗೆ ಹೇಳೋ ಪ್ರಯತ್ನ ಮಾಡ್ತೀನಿ. ನಮ್ಮಲ್ಲಿ ಅರ್ಧಕ್ಕರ್ಧ ಬ್ಲಾಗಿಗರು ಸಾಫ್ಟ್‌ವೇರಿನವರೇ ಅಲ್ವಾ, ಅವರಂತೂ ಜಗಳಕ್ಕೇ ಬರಬಹುದು. ಬನ್ನಿ, ಸಂತೋಷ.

ವಿಷಯ ಇಷ್ಟೇ. ಪಿಎಚ್‌ಪಿಯಲ್ಲಿ ವೆಬ್‌ಸೈಟ್ ಕಟ್ಟೋ ಫ್ರೇಮ್‌ವರ್ಕುಗಳೆಲ್ಲ ಜಪಿಸೋ ಮಂತ್ರ ಎಂವಿಸಿ. ಮಾಡೆಲ್, ವ್ಯೂ, ಕಂಟ್ರೋಲರ್. ವ್ಯೂ ಅಂದ್ರೆ ಏನು ಅಂತ ಕೇಳಿದ್ರೆ ಯಾರು ಬೇಕಾದ್ರೂ ಹೇಳ್ತಾರೆ, ಕಣ್ಣಿಗೆ ಕಾಣೋ ಪುಟ. ಕಂಟ್ರೋಲರ್ ಅಂದ್ರೆ? ಬಂದ ಕೋರಿಕೆಯನ್ನ ತಗೊಂಡು ಎಲ್ಲಿಗೆ ಕಳಿಸಬೇಕೋ ಅಲ್ಲಿಗೆ ಕಳಿಸೋದು. ಮಾಡೆಲ್ ಅಂದ್ರೆ? ಇಲ್ಲಿ ಹತ್ತರಲ್ಲಿ ಒಂಬತ್ತು ಜನ "ಡೇಟಾಬೇಸ್ ಟೇಬಲ್ಲಿಗೆ ಒಂದು ಕ್ಲಾಸು" ಅಂತಾರೆ. ಇಂಟರ್ವ್ಯೂಗಳಲ್ಲಿ ಈ ಉತ್ತರ ಕೇಳಿ ಕೇಳಿ ಸಾಕಾಗಿದೆ. ಈ ಉತ್ತರವೇ ತಪ್ಪು, ಮತ್ತು ಅದರಿಂದ ಆಗೋ ನಷ್ಟ ಕೋಡ್ ಬರೆಯೋರಿಗಿಂತ ಅದನ್ನ ಬಳಸೋರಿಗೇ ಜಾಸ್ತಿ ಅನ್ನೋದು ನನ್ನ ವಾದ.

ಒಂದು ಹೋಟೆಲ್ ಉದಾಹರಣೆ ತಗೊಳ್ಳೋಣ. ಎಲೆ ಮೇಲೆ ಬಡಿಸಿದ್ದು ವ್ಯೂ. ಆರ್ಡರ್ ತಗೊಂಡು ಓಡಾಡೋ ಮಾಣಿ ಕಂಟ್ರೋಲರ್. ಅಕ್ಕಿ ಬೇಳೆ ಇಟ್ಟಿರೋ ಉಗ್ರಾಣ ಡೇಟಾಬೇಸ್. ಮಾಡೆಲ್ ಆಗಬೇಕಾದದ್ದು ಅಡುಗೆ ಭಟ್ಟರು. ಸಾರಿಗೆ ಹುಳಿ ಎಷ್ಟು, ಯಾವುದರ ಜೊತೆ ಯಾವುದು ಸೇರಬಾರದು ಅನ್ನೋ ಜ್ಞಾನ ಇರೋರು ಅವರು. ನಾವು ಮಾಡಿರೋದೇನು? ಉಗ್ರಾಣದ ಬಾಗಿಲಿಗೇ "ಅಡುಗೆಮನೆ" ಅಂತ ಬೋರ್ಡ್ ಹಾಕಿದೀವಿ. ಭಟ್ಟರೇ ಇಲ್ಲ. ಮಾಣಿ ಉಗ್ರಾಣದಿಂದ ಬೇಳೆ ತಂದು, ದಾರಿಯಲ್ಲೇ ಬೇಯಿಸಿ, ಎಲೆಗೆ ಹಾಕ್ತಿದಾನೆ. ಹತ್ತು ಜನ ಮಾಣಿಗಳಿದ್ರೆ ಹತ್ತು ರುಚಿಯ ಸಾರು!

ಈ ಎಂವಿಸಿ ಅನ್ನೋದು ವೆಬ್ಬಿಗೆ ಹುಟ್ಟಿದ್ದೇ ಅಲ್ಲ. ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್ ಅನ್ನೋರು 1979ರಲ್ಲಿ ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿದ್ದಾಗ ಸ್ಮಾಲ್‌ಟಾಕ್ ಭಾಷೆಗೋಸ್ಕರ ಯೋಚಿಸಿದ್ದು. ಅವರ ಪ್ರಕಾರ ಮಾಡೆಲ್ ಅಂದ್ರೆ ಒಂದು ವಿಷಯದ ಬಗ್ಗೆ ಇರೋ ಜ್ಞಾನ, ಬಳಸೋ ಮನುಷ್ಯನ ತಲೆಯಲ್ಲಿರೋ ಚಿತ್ರಕ್ಕೆ ಕಂಪ್ಯೂಟರಿನೊಳಗಿನ ಪ್ರತಿರೂಪ. ಟೇಬಲ್ಲು, ಕಾಲಮ್ಮು ಅಂತೆಲ್ಲ ಅದರಲ್ಲಿ ಎಲ್ಲೂ ಕಡ್ಡಾಯ ಇಲ್ಲ. ಹಾಗಾದ್ರೆ ಈ ಟೇಬಲ್ ಎಲ್ಲಿಂದ ಬಂತು?

ಬಂದಿದ್ದು ಹೀಗೆ. 2002ರಲ್ಲಿ ಮಾರ್ಟಿನ್ ಫೌಲರ್ ಎಂಟರ್‌ಪ್ರೈಸ್ ಅಪ್ಲಿಕೇಶನ್‌ಗಳ ವಿನ್ಯಾಸದ ಬಗ್ಗೆ ಒಂದು ದಪ್ಪ ಪುಸ್ತಕ ಬರೆದರು. ಅದರಲ್ಲಿ ವಿವರಿಸಿದ ಹಲವು ಮಾದರಿಗಳಲ್ಲಿ ಎರಡು ಇಲ್ಲಿಗೆ ಮುಖ್ಯ. ಒಂದು ಆಕ್ಟಿವ್ ರೆಕಾರ್ಡ್, ಇನ್ನೊಂದು ಡೇಟಾ ಮ್ಯಾಪರ್. ಆಕ್ಟಿವ್ ರೆಕಾರ್ಡ್ ಅಂದ್ರೆ ತನ್ನ ಕಡತವನ್ನ ತಾನೇ ಕಂಕುಳಲ್ಲಿ ಇಟ್ಕೊಂಡು ರೆಕಾರ್ಡ್ ರೂಮಿಗೆ ಓಡಾಡೋ ಮನುಷ್ಯ. ತನ್ನ ಮಾಹಿತಿ ತನ್ನಲ್ಲೇ, ಸೇವ್ ಮಾಡೋದೂ ತಾನೇ, ಹುಡುಕೋದೂ ತಾನೇ. ಡೇಟಾ ಮ್ಯಾಪರ್ ಅಂದ್ರೆ ಕಡತ ನೋಡ್ಕೊಳ್ಳೋಕೆ ಬೇರೆ ಗುಮಾಸ್ತ ಇದಾನೆ, ಯಜಮಾನನಿಗೆ ರೆಕಾರ್ಡ್ ರೂಮ್ ಎಲ್ಲಿದೆ ಅನ್ನೋದೂ ಗೊತ್ತಿರಬೇಕಿಲ್ಲ. ತರ್ಕ ತೀರಾ ಜಟಿಲ ಅಲ್ಲದ ಕಡೆ ಆಕ್ಟಿವ್ ರೆಕಾರ್ಡ್ ಚೆನ್ನಾಗಿರತ್ತೆ ಅಂತ ಫೌಲರ್ ಅವರೇ ಎಚ್ಚರಿಕೆಯಿಂದ ಹೇಳಿದ್ರು. 2004ರಲ್ಲಿ ರೂಬಿ ಆನ್ ರೈಲ್ಸ್ ಬಂತು, ಅದರ ಜೊತೆ ಆಕ್ಟಿವ್ ರೆಕಾರ್ಡ್ ಜಗತ್ತಿಗೆಲ್ಲ ಹರಡಿತು. ಎಚ್ಚರಿಕೆ ಮಾತ್ರ ಪುಸ್ತಕದಲ್ಲೇ ಉಳೀತು.

ಪಿಎಚ್‌ಪಿಯವರು ಸುಮ್ಮನಿರ್ತಾರಾ? 2004ರಲ್ಲಿ ಪಿಎಚ್‌ಪಿ 5 ಬಂದು ಆಬ್ಜೆಕ್ಟುಗಳು ಸರಿಯಾಗಿ ಕೆಲಸ ಮಾಡೋ ಹಾಗಾದ ಮೇಲೆ ಫ್ರೇಮ್‌ವರ್ಕುಗಳ ಸುಗ್ಗಿ. ಒಂದೊಂದೂ ಮಾಡೆಲ್ ಅನ್ನೋ ಪದಕ್ಕೆ ಒಂದೊಂದು ಅರ್ಥ ಕೊಟ್ಟಿತು ನೋಡಿ, ಮಜಾ ಇದೆ.

ಕೇಕ್‌ಪಿಎಚ್‌ಪಿ 2005ರದ್ದು. ಅದರ ಹಳೇ ಆವೃತ್ತಿಗಳಲ್ಲಿ ಮಾಡೆಲ್ ಕ್ಲಾಸೇನೋ ಇತ್ತು, ಆದ್ರೆ ಹುಡುಕಿದ್ರೆ ಕೈಗೆ ಸಿಗ್ತಿದ್ದದ್ದು ಆಬ್ಜೆಕ್ಟ್ ಅಲ್ಲ, ಅರೇ ಒಳಗೆ ಅರೇ. ಅರೇಗೆ ಬುದ್ಧಿ ಎಲ್ಲಿಂದ ಬರಬೇಕು? 2015ರಲ್ಲಿ ಬಂದ ಕೇಕ್ 3 ಈ ತಪ್ಪನ್ನ ತಿದ್ದಿಕೊಂಡು, ಟೇಬಲ್ಲಿಗೆ ಒಂದು ಕ್ಲಾಸು, ಒಂದೊಂದು ಸಾಲಿಗೆ ಎಂಟಿಟಿ ಅಂತ ಇನ್ನೊಂದು ಕ್ಲಾಸು ಅಂತ ಬೇರೆ ಮಾಡಿತು.

ಕೋಡ್‌ಇಗ್ನೈಟರ್ 2006ರದ್ದು. ಅಲ್ಲಿ ಮಾಡೆಲ್ ಬೇಕಾದ್ರೆ ಬಳಸಿ, ಇಲ್ಲದಿದ್ರೆ ಬಿಡಿ ಅಂತ ಕೈಪಿಡಿಯಲ್ಲೇ ಬರೆದಿದ್ರು. ಮೂಲ ಮಾಡೆಲ್ ಕ್ಲಾಸ್ ತೆಗೆದು ನೋಡಿದ್ರೆ ಹೆಚ್ಚುಕಮ್ಮಿ ಖಾಲಿ. ಖಾಲಿ ಇರೋದು ತಪ್ಪಲ್ಲ, ಸ್ವಾತಂತ್ರ್ಯ. ಆದ್ರೆ ಆ ಸ್ವಾತಂತ್ರ್ಯದಲ್ಲಿ ಜನ ಅದನ್ನ ಎಸ್‌ಕ್ಯುಎಲ್ ತುಂಬೋ ಗೋಣಿಚೀಲ ಮಾಡಿಕೊಂಡ್ರು. 2020ರ ಕೋಡ್‌ಇಗ್ನೈಟರ್ 4ರಲ್ಲಿ ಎಂಟಿಟಿ ಕ್ಲಾಸುಗಳು ಸೇರಿದವು.

ಝೆಂಡ್ ಫ್ರೇಮ್‌ವರ್ಕ್ 1.0 ಬಂದಿದ್ದು 2007ರಲ್ಲಿ. ಅದರಲ್ಲಿ ಮಾಡೆಲ್ ಅನ್ನೋ ಘಟಕವೇ ಇರಲಿಲ್ಲ, ನಿಮ್ಮ ಮಾಡೆಲ್ ನೀವೇ ಬರೀರಿ ಅನ್ನೋ ಧೋರಣೆ. ತಾತ್ವಿಕವಾಗಿ ಇದೇ ಸರಿ. ಆದ್ರೆ ಅದರ ಆರಂಭಿಕ ಪಾಠದಲ್ಲಿ ಒಂದು ಗೆಸ್ಟ್‌ಬುಕ್ ಮಾಡೋಕೆ ಮಾಡೆಲ್, ಮ್ಯಾಪರ್, ಡಿಬಿ ಟೇಬಲ್ ಅಂತ ಮೂರು ಕ್ಲಾಸು ಬರೆಸಿದ್ರು. "ಚೆನ್ನಾಗಿದೆ ಸಾರ್" ಅಂತ ಒಂದು ಸಾಲು ಬರೆದು ಹೋಗೋರಿಗೆ ಮೂರು ಜನ ಗುಮಾಸ್ತರು! ಓದಿದವರು ಗಾಬರಿಯಾಗಿ ಓಡಿದ್ರೆ ಆಶ್ಚರ್ಯ ಇಲ್ಲ.

ಯೀ 2008ರ ಕೊನೆಯಲ್ಲಿ ಬಂತು. ಅದು ಇನ್ನೊಂದು ತುದಿ. ಟೇಬಲ್ಲಿನ ಸಂಪರ್ಕ, ಪರಿಶೀಲನೆಯ ನಿಯಮ, ಫಾರ್ಮಿನಲ್ಲಿ ಕಾಣೋ ಲೇಬಲ್, ಹುಡುಕಾಟದ ಷರತ್ತು ಎಲ್ಲವೂ ಒಂದೇ ಮಾಡೆಲ್ ಕ್ಲಾಸಿನಲ್ಲಿ. ಇದೇ ಕ್ಲಾಸು ನೋಂದಣಿಯಲ್ಲಿ ಒಂಥರಾ, ತಿದ್ದುಪಡಿಯಲ್ಲಿ ಇನ್ನೊಂಥರಾ ಆಡಬೇಕು ಅಂತ ಅದಕ್ಕೆ "ಸಿನಾರಿಯೋ" ಅನ್ನೋ ವ್ಯವಸ್ಥೆ. ಒಬ್ಬನೇ ನಟ ಎಂಟು ಪಾತ್ರ ಮಾಡೋ ಕಂಪನಿ ನಾಟಕದ ಹಾಗೆ.

ಇಲ್ಲೊಂದು ಸ್ವಾರಸ್ಯ. ಯೀ 1ರಲ್ಲಿ ಪ್ರತಿ ಮಾಡೆಲ್ಲಿನಲ್ಲೂ ಒಂದೇ ಥರದ ಒಂದು ಸ್ಟ್ಯಾಟಿಕ್ ಫಂಕ್ಷನ್ ಕಾಪಿ ಹೊಡೀಬೇಕಿತ್ತು. ಯಾಕಂದ್ರೆ ಆಗಿನ ಪಿಎಚ್‌ಪಿಯಲ್ಲಿ ಅಪ್ಪನ ಕ್ಲಾಸಿನ ಸ್ಟ್ಯಾಟಿಕ್ ಫಂಕ್ಷನ್ನಿಗೆ, ತನ್ನನ್ನ ಯಾವ ಮಗ ಕರೀತಿದಾನೆ ಅನ್ನೋದು ಗೊತ್ತಾಗ್ತಿರಲಿಲ್ಲ. 2009ರ ಪಿಎಚ್‌ಪಿ 5.3ರಲ್ಲಿ ಲೇಟ್ ಸ್ಟ್ಯಾಟಿಕ್ ಬೈಂಡಿಂಗ್ ಬಂದ ಮೇಲೆ ಈ ತೊಂದರೆ ಹೋಯ್ತು. ಇವತ್ತು ಲಾರಾವೆಲ್ಲಿನಲ್ಲಿ "ಸದಸ್ಯ" ಕ್ಲಾಸಿನ ಹೆಸರು ಹೇಳಿ ನೇರವಾಗಿ ಫೈಂಡ್ ಅಂತ ಕರೆಯೋ ಸುಖದ ಹಿಂದೆ ಈ ಥರದ ಭಾಷೆಯ ಸುಧಾರಣೆಗಳಿವೆ.

ಸಿಂಫನಿ ಕಥೆ ಬೇರೆ. ಮೊದಮೊದಲು ಪ್ರೊಪೆಲ್, ಆಮೇಲೆ ಡಾಕ್ಟ್ರಿನ್ ಅಂತ ಹೊರಗಿನವರ ಹೆಗಲ ಮೇಲೆ ಮಾಡೆಲ್ ಹೊರೆ ಹಾಕಿತು. ಡಾಕ್ಟ್ರಿನ್ 1 ಆಕ್ಟಿವ್ ರೆಕಾರ್ಡ್ ಆಗಿತ್ತು. 2010ರ ಡಿಸೆಂಬರಿನಲ್ಲಿ ಬಂದ ಡಾಕ್ಟ್ರಿನ್ 2 ಎಲ್ಲ ಕೆಡವಿ ಡೇಟಾ ಮ್ಯಾಪರ್ ಆಯ್ತು. ಅಲ್ಲಿಂದ ಮುಂದೆ ನಿಮ್ಮ ಕ್ಲಾಸು ಯಾವ ಫ್ರೇಮ್‌ವರ್ಕಿನ ಮಗನೂ ಆಗಬೇಕಿಲ್ಲ, ಸಾದಾ ಪಿಎಚ್‌ಪಿ ಕ್ಲಾಸು ಸಾಕು.

ಎಲ್ಲಕ್ಕಿಂತ ತಮಾಷೆ ಲಾರಾವೆಲ್‌ದು. 4ನೇ ಆವೃತ್ತಿಯಲ್ಲಿ ಮಾಡೆಲ್ಸ್ ಅನ್ನೋ ಫೋಲ್ಡರ್ ಇತ್ತು. 2015ರ 5ನೇ ಆವೃತ್ತಿಯಲ್ಲಿ ತೆಗೆದು ಹಾಕಿದ್ರು. ಕಾರಣ? ಮಾಡೆಲ್ ಅನ್ನೋ ಪದಕ್ಕೆ ಒಬ್ಬೊಬ್ಬರು ಒಂದೊಂದು ಅರ್ಥ ಹೇಳ್ತಾರೆ, ಗೊಂದಲ ಬೇಡ ಅಂತ! ಐದು ವರ್ಷ ಜನ ತಾವೇ ಆ ಫೋಲ್ಡರ್ ಮಾಡಿಕೊಳ್ತಾ ಬಂದ್ರು. ಕೊನೆಗೆ 2020ರ 8ನೇ ಆವೃತ್ತಿಯಲ್ಲಿ ಫೋಲ್ಡರ್ ವಾಪಸ್ ಬಂತು. ಗೊಂದಲ ಮಾತ್ರ ಹೋಗಲಿಲ್ಲ.

ಇರ್ಲಿ, ಇತಿಹಾಸ ಸಾಕು. ಇದರಿಂದ ಯಾರಿಗೆ ಏನು ನಷ್ಟ ಅಂತ ಕೇಳ್ತೀರಾ? ಹೇಳ್ತೀನಿ.

ಸ್ವಲ್ಪ ಕಾಲದ ಹಿಂದೆ ಒಂದು ಪತ್ತಿನ ಸಹಕಾರ ಸಂಘದ ತಂತ್ರಾಂಶ ನಮ್ಮ ತಂಡಕ್ಕೆ ದುರಸ್ತಿಗೆ ಬಂತು. ಬರೆದವರು ಬೇರೆ ಯಾರೋ, ಅವರ ಹೆಸರು ನನಗೂ ಗೊತ್ತಿಲ್ಲ, ಇಲ್ಲಿ ಬೇಕಾಗಿಯೂ ಇಲ್ಲ. ಸಂಘದಲ್ಲಿ ಒಂದು ನಿಯಮ. ಕಂತಿನ ದಿನ ದಾಟಿ ಏಳು ದಿನದ ಮೇಲೆ ದಂಡದ ಬಡ್ಡಿ. ಮಹಾಸಭೆಯಲ್ಲಿ ಸದಸ್ಯರು ಚರ್ಚೆ ಮಾಡಿ ಇದನ್ನ ಹದಿನೈದು ದಿನಕ್ಕೆ ಏರಿಸಿದ್ರು. ಬೆಳೆ ಮಾರಿದ ದುಡ್ಡು ಕೈಗೆ ಬರೋದು ತಡ ಆಗತ್ತೆ ಅನ್ನೋದು ಅವರ ಕಾರಣ. ಸಣ್ಣ ಬದಲಾವಣೆ, ಏಳು ಹೋಗಿ ಹದಿನೈದು. ಆದ್ರೆ ಈ ಏಳು ಅನ್ನೋದು ಕೋಡಿನಲ್ಲಿ ಮೂರು ಕಡೆ ಕೂತಿತ್ತು. ಕೌಂಟರಿನ ಪರದೆಯ ಕಂಟ್ರೋಲರಿನಲ್ಲಿ ಒಂದು, ಮೊಬೈಲ್ ಆಪಿಗೆ ಉತ್ತರ ಕೊಡೋ ಕಂಟ್ರೋಲರಿನಲ್ಲಿ ಒಂದು, ರಾತ್ರಿ ಎಸ್ಸೆಮ್ಮೆಸ್ ಕಳಿಸೋ ಕ್ರಾನ್ ಸ್ಕ್ರಿಪ್ಟಿನಲ್ಲಿ ಇನ್ನೊಂದು. ಹಿಂದಿನವರು ಮೊದಲ ಎರಡು ಬದಲಾಯಿಸಿದ್ರು. ಮೂರನೇದು ಹಾಗೇ ಉಳೀತು.

ಎಂಟನೇ ದಿನ ರಾತ್ರಿ, ಸಾಲಗಾರನಿಗೂ ಅವನಿಗೆ ಜಾಮೀನು ಹಾಕಿದ ಹಿರಿಯರಿಗೂ "ಕಂತು ಬಾಕಿ, ದಂಡ ಶುರುವಾಗಿದೆ" ಅಂತ ಸಂದೇಶ ಹೋಗೋದು. ಜಾಮೀನುದಾರರು ಬೆಳಗ್ಗೆ ಪಾಸ್‌ಬುಕ್ ಹಿಡಿದು ಕೌಂಟರಿಗೆ ಬರೋರು. ಕೌಂಟರಿನ ಪರದೆಯಲ್ಲಿ ದಂಡ ಸೊನ್ನೆ. ಗುಮಾಸ್ತರು ಏನು ಹೇಳಬೇಕು ಪಾಪ? ಅಷ್ಟರಲ್ಲಿ ಸಾಲ ತಗೊಂಡವನ ಜೊತೆ ಜಾಮೀನುದಾರರ ಮಾತುಕತೆ ಆಗಿ ಹೋಗಿರ್ತಿತ್ತು. "ನಿನ್ನ ನಂಬಿ ಸಹಿ ಹಾಕಿದ್ನಲ್ಲೋ" ಅನ್ನೋ ಮಾತು. ಊರಿನಲ್ಲಿ ಆ ಮಾತಿನ ಬೆಲೆ ಎಷ್ಟು ಅಂತ ನಿಮಗೆ ನಾನು ಹೇಳಬೇಕಾ?

ನಾವು ಕೋಡ್ ತೆಗೆದು ನೋಡಿದ್ವಿ. ಲೋನ್ ಅನ್ನೋ ಮಾಡೆಲ್ ಕ್ಲಾಸು ಇತ್ತು. ಅದರೊಳಗೆ ಟೇಬಲ್ಲಿನ ಹೆಸರು, ತುಂಬಬಹುದಾದ ಕಾಲಮುಗಳ ಪಟ್ಟಿ, ಸದಸ್ಯನಿಗೂ ಕಂತುಗಳಿಗೂ ಒಂದೊಂದು ಸಂಬಂಧ. ಮುಗೀತು. ಸಾಲ ಅಂತ ಹೆಸರಿದ್ದ ಆ ಕ್ಲಾಸಿಗೆ ಸಾಲದ ಬಗ್ಗೆ ಏನೇನೂ ಗೊತ್ತಿರಲಿಲ್ಲ! ದಂಡ ಯಾವಾಗ ಅಂತ ಅದನ್ನ ಕೇಳೋ ಹಾಗಿಲ್ಲ, ಯಾಕಂದ್ರೆ ಅದಕ್ಕೆ ಉತ್ತರವೇ ಇಲ್ಲ. ಕೇಳಬೇಕಾದವರೆಲ್ಲ ತಮ್ಮ ತಮ್ಮ ಉತ್ತರ ತಾವೇ ಬರೆದುಕೊಂಡಿದ್ರು. 2003ರಲ್ಲೇ ಫೌಲರ್ ಇಂಥ ಕ್ಲಾಸುಗಳಿಗೆ ರಕ್ತಹೀನ ಮಾಡೆಲ್ ಅಂತ ಹೆಸರಿಟ್ಟಿದ್ರು. ಸರಿಯಾದ ಹೆಸರು. ಮೈ ಇದೆ, ಜೀವ ಇಲ್ಲ.

ಇದಕ್ಕೆ ಪರಿಹಾರ ಏನು? "ಕಂಟ್ರೋಲರ್ ತೆಳ್ಳಗಿರಲಿ, ಮಾಡೆಲ್ ದಪ್ಪಗಿರಲಿ" ಅನ್ನೋ ಘೋಷಣೆ ಹಳೇದು. ಅರ್ಧ ಸತ್ಯ. ಅದನ್ನ ಕಣ್ಣು ಮುಚ್ಚಿ ಪಾಲಿಸಿದವರ ಯೂಸರ್ ಮಾಡೆಲ್ ತೆಗೆದು ನೋಡಿ. ಇಮೇಲ್ ಕಳಿಸೋದು, ಪಿಡಿಎಫ್ ಮಾಡೋದು, ಫೋಟೋ ಸಣ್ಣದು ಮಾಡೋದು ಎಲ್ಲ ಅಲ್ಲೇ. ಮೂರು ಸಾವಿರ ಸಾಲಿನ ಕ್ಲಾಸು. ಅದು ಬೊಜ್ಜು, ಶಕ್ತಿ ಅಲ್ಲ. ಹಾಗಾಗಿ ನನಗೆ ಸರಿ ಅನ್ನಿಸಿದ ನಾಲ್ಕೈದು ಸೂತ್ರ ಇಲ್ಲಿ ಹಾಕ್ತೀನಿ. ಯಾವುದೂ ನನ್ನ ಸ್ವಂತ ಆವಿಷ್ಕಾರ ಅಲ್ಲ, ಬಳಸಿ ನೋಡಿ ಉಳಿಸಿಕೊಂಡವು.

ಒಂದು, ಟೇಬಲ್ಲಿನಿಂದ ಶುರು ಮಾಡಬೇಡಿ, ಜನರ ಮಾತಿನಿಂದ ಶುರು ಮಾಡಿ. ಸಂಘದ ಕಾರ್ಯದರ್ಶಿ "ಸಾಲದ ಸ್ಟೇಟಸ್ ಕಾಲಮಿಗೆ 3 ಹಾಕಿ" ಅನ್ನಲ್ಲ. "ಸಾಲ ಮಂಜೂರು ಮಾಡಿ" ಅಂತಾರೆ. ಹಾಗಾದ್ರೆ ಕ್ಲಾಸಿನಲ್ಲೂ ಮಂಜೂರು ಅನ್ನೋ ಕ್ರಿಯೆಯೇ ಇರಬೇಕು. ಆ ಕ್ರಿಯೆಯೊಳಗೆ ಜಾಮೀನು ಇದೆಯಾ, ಮಿತಿ ದಾಟಿದೆಯಾ ಅನ್ನೋ ಪ್ರಶ್ನೆಗಳು. 2021ರ ಪಿಎಚ್‌ಪಿ 8.1ರಲ್ಲಿ ಈನಮ್ ಬಂದಿದೆ, ಆ 3 ಅನ್ನೋ ಒಗಟಿನ ಅಂಕಿಗೂ ಮುಕ್ತಿ ಕೊಡಬಹುದು.

ಎರಡು, ಒಂದು ನಿಯಮಕ್ಕೆ ಒಂದೇ ಮನೆ. ಹದಿನೈದು ದಿನ ಅನ್ನೋದು ಸಾಲದ ಕ್ಲಾಸಿನಲ್ಲೋ ದಂಡದ ನಿಯಮ ಅನ್ನೋ ಪುಟ್ಟ ಕ್ಲಾಸಿನಲ್ಲೋ ಇರಲಿ. ಪರದೆ, ಆಪ್, ಕ್ರಾನ್ ಮೂವರೂ ಅಲ್ಲಿಗೇ ಹೋಗಿ ಕೇಳಲಿ. ಆ ಸಂಘದ ತಂತ್ರಾಂಶದಲ್ಲಿ ನಾವು ಮಾಡಿದ್ದು ಇಷ್ಟೇ. ಹೊಸ ಫ್ರೇಮ್‌ವರ್ಕ್ ತರಲಿಲ್ಲ, ಟೇಬಲ್ ಮುಟ್ಟಲಿಲ್ಲ.

ಮೂರು, ಸಣ್ಣ ವಿಷಯಗಳಿಗೂ ಕ್ಲಾಸು ಕೊಡಿ. ದುಡ್ಡನ್ನ ಫ್ಲೋಟ್ ಆಗಿ ಇಡಬೇಡಿ. ಪಿಎಚ್‌ಪಿಯಲ್ಲಿ 0.1ಕ್ಕೆ 0.2 ಕೂಡಿಸಿ 0.3 ಆಯ್ತಾ ಅಂತ ಕೇಳಿದ್ರೆ ಇಲ್ಲ ಅನ್ನತ್ತೆ. ಅದು ಪಿಎಚ್‌ಪಿ ತಪ್ಪಲ್ಲ, ದ್ವಿಮಾನ ಪದ್ಧತಿಯಲ್ಲಿ ಆ ಸಂಖ್ಯೆಗಳನ್ನ ನಿಖರವಾಗಿ ಬರೆಯೋಕೆ ಆಗಲ್ಲ. ದುಡ್ಡು ಅನ್ನೋ ಕ್ಲಾಸಿನಲ್ಲಿ ಪೈಸೆ ಲೆಕ್ಕದಲ್ಲಿ ಪೂರ್ಣಾಂಕ ಇಟ್ಟುಬಿಡಿ, ಕಾಟ ತಪ್ಪತ್ತೆ.

ಹೆಸರಿನ ವಿಷಯ ನಮಗೆ, ಕನ್ನಡದಲ್ಲಿ ಬರೆಯೋರಿಗೆ, ಇನ್ನೂ ಹತ್ತಿರದ್ದು. ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ಪಿಎಚ್‌ಪಿಯ ಸ್ಟ್ರ್‌ಲೆನ್ ಎಣಿಸೋದು ಬೈಟುಗಳನ್ನ. "ಶ್ರೀ" ಅನ್ನೋದು ನಮ್ಮ ಕಣ್ಣಿಗೆ ಒಂದು ಅಕ್ಷರ, ಯೂನಿಕೋಡಿಗೆ ನಾಲ್ಕು ಸಂಕೇತ, ಸ್ಟ್ರ್‌ಲೆನ್‌ಗೆ ಹನ್ನೆರಡು. "ಕೆ. ಶ್ರೀನಿವಾಸಮೂರ್ತಿ" ಅಂತ ಬರೆದ್ರೆ 53 ಬೈಟ್. ಹೆಸರು 50 ಅಕ್ಷರ ದಾಟಬಾರದು ಅಂತ ಕಂಟ್ರೋಲರಿನಲ್ಲಿ ಸ್ಟ್ರ್‌ಲೆನ್ ಇಟ್ಟು ಬರೆದವರ ತಾಣದಲ್ಲಿ ಮೂರ್ತಿಗಳಿಗೆ ಪ್ರವೇಶ ಇಲ್ಲ! ಮಜಾ ಅಂದ್ರೆ ಮೈಎಸ್‌ಕ್ಯುಎಲ್‌ನ 50ರ ವಾರ್‌ಚಾರ್ ಕಾಲಮು ಬೈಟ್ ಅಲ್ಲ, ಸಂಕೇತಗಳನ್ನ ಎಣಿಸತ್ತೆ. ಅದರ ಲೆಕ್ಕದಲ್ಲಿ ಆ ಹೆಸರು ಬರೀ 19. ಉಗ್ರಾಣದಲ್ಲಿ ಜಾಗ ಇದೆ, ಬಾಗಿಲಲ್ಲಿ ಮಾಣಿ ತಡೀತಿದಾನೆ. ಹೆಸರು ಅನ್ನೋದಕ್ಕೆ ಒಂದು ಕ್ಲಾಸಿದ್ರೆ, ಉದ್ದ ಎಣಿಸೋ ಸರಿಯಾದ ಬಗೆ ಅಲ್ಲಿ ಒಂದೇ ಸಲ ಬರೆದಿರತ್ತೆ. ಹತ್ತು ಫಾರ್ಮಿನಲ್ಲಿ ಹತ್ತು ಸಲ ಮರೆಯೋ ಅವಕಾಶ ಇರಲ್ಲ.

ನಾಲ್ಕು, ಬಂದದ್ದೆಲ್ಲ ತುಂಬಬೇಡಿ. ಫಾರ್ಮಿನಿಂದ ಬಂದ ಅರೇಯನ್ನ ಹಾಗೇ ಮಾಡೆಲ್ಲಿಗೆ ಸುರಿಯೋದು ಎಲ್ಲ ಆಕ್ಟಿವ್ ರೆಕಾರ್ಡುಗಳ ಆಸೆ. 2012ರ ಮಾರ್ಚಿನಲ್ಲಿ ಗಿಟ್‌ಹಬ್‌ನಂಥ ಗಿಟ್‌ಹಬ್‌ನಲ್ಲೇ ಈ ದಾರಿಯಿಂದ ಒಬ್ಬ ಪ್ರೋಗ್ರಾಮರ್ ಒಳಗೆ ಹೊಕ್ಕು, ರೈಲ್ಸ್ ಯೋಜನೆಗೇ ಕೋಡ್ ಸೇರಿಸಿ ತೋರಿಸಿದ್ದ. ಲಾರಾವೆಲ್ಲಿನಲ್ಲಿ ಫಿಲ್ಲಬಲ್ ಪಟ್ಟಿ ಇರೋದು ಇದೇ ಅಪಾಯ ತಡೆಯೋಕೆ. ಆದ್ರೆ ಪಟ್ಟಿಯೊಂದೇ ಸಾಲದು. "ಮಂಜೂರು" ಅನ್ನೋ ಕ್ರಿಯೆಯ ಮೂಲಕ ಮಾತ್ರ ಸ್ಟೇಟಸ್ ಬದಲಾಗೋ ಹಾಗಿದ್ರೆ, ಸುರಿಯೋಕೆ ದಾರಿಯೇ ಇರಲ್ಲ.

ಐದು, ಒಂದು ಪರೀಕ್ಷೆ. ಡೇಟಾಬೇಸ್ ಆಫ್ ಮಾಡಿ. ಈಗ "ಎಂಟನೇ ದಿನ ದಂಡ ಇದೆಯಾ" ಅನ್ನೋ ಪ್ರಶ್ನೆಗೆ ನಿಮ್ಮ ಕೋಡ್ ಉತ್ತರ ಕೊಡತ್ತಾ? ಕೊಟ್ರೆ ನಿಮ್ಮ ಹತ್ರ ಮಾಡೆಲ್ ಇದೆ. ಇಲ್ಲದಿದ್ರೆ ಇರೋದು ಟೇಬಲ್ ಮಾತ್ರ.

ಈಗ ನೀವು ಕೇಳ್ತೀರಿ, "ಅಲ್ಲಾ ಮಾರಾಯ, ಶುಕ್ರವಾರ ಡೆಲಿವರಿ, ಗಿರಾಕಿ ಕೊಡೋ ದುಡ್ಡಿಗೆ ಇದೆಲ್ಲ ಆಗೋ ಮಾತಾ?" ನ್ಯಾಯವಾದ ಪ್ರಶ್ನೆ. ಫೋಟೋ ಆಲ್ಬಮ್ಮೋ, ಮದುವೆ ಆಮಂತ್ರಣದ ತಾಣವೋ ಆದ್ರೆ ಖಂಡಿತ ಬೇಡ. ಅಲ್ಲಿ ನಿಯಮಗಳೇ ಇಲ್ಲ, ಇರೋದು ಬರೀ ಮಾಹಿತಿ. ಆಕ್ಟಿವ್ ರೆಕಾರ್ಡ್ ಹಾಕಿ, ಸಂಜೆ ಹೊತ್ತಿಗೆ ಮುಗಿಸಿ, ಕಾಫಿ ಕುಡೀರಿ. ಅಂಥ ತಾಣಕ್ಕೂ ರೆಪಾಸಿಟರಿ, ಇಂಟರ್‌ಫೇಸ್, ಫ್ಯಾಕ್ಟರಿ ಅಂತ ಇಪ್ಪತ್ತು ಫೈಲು ಸೃಷ್ಟಿಸೋರ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ಗೆಸ್ಟ್‌ಬುಕ್ಕಿಗೆ ಮೂರು ಗುಮಾಸ್ತರ ಕಥೆ ಮೇಲೆ ಹೇಳಿದ್ನಲ್ಲ.

ಇನ್ನೊಂದು ಮಾತು. ಆಕ್ಟಿವ್ ರೆಕಾರ್ಡ್ ಬಳಸಿದ ಮಾತ್ರಕ್ಕೆ ಮಾಡೆಲ್ ಕೆಟ್ಟದಾಗಬೇಕು ಅಂತೇನಿಲ್ಲ. ಎಲೊಕ್ವೆಂಟ್ ಕ್ಲಾಸಿನೊಳಗೂ "ದಂಡ ಬಿದ್ದಿದೆಯಾ" ಅನ್ನೋ ನಾಲ್ಕು ಸಾಲಿನ ಫಂಕ್ಷನ್ ಬರೆಯಬಹುದು, ಯಾರೂ ಕೈ ಹಿಡಿಯಲ್ಲ. ಡಾಕ್ಟ್ರಿನ್ ಹಾಕಿಕೊಂಡು ಬರೀ ಗೆಟ್ಟರು ಸೆಟ್ಟರು ತುಂಬಿದ ರಕ್ತಹೀನ ಕ್ಲಾಸುಗಳನ್ನೂ ಧಾರಾಳವಾಗಿ ನೋಡಿದೀನಿ. ಉಪಕರಣ ಯಾವುದು ಅನ್ನೋದಕ್ಕಿಂತ ಜ್ಞಾನ ಎಲ್ಲಿ ಕೂತಿದೆ ಅನ್ನೋದು ಮುಖ್ಯ.

ದುಡ್ಡು, ಜಾಮೀನು, ಅಂಕಪಟ್ಟಿ, ಔಷಧಿಯ ಪ್ರಮಾಣ, ಪಿಂಚಣಿ... ಇಂಥವು ಬಂದ ಕಡೆ ಮಾತ್ರ "ಆಮೇಲೆ ನೋಡೋಣ" ಅನ್ನಬೇಡಿ. ಅಲ್ಲಿ ನಿಯಮ ಅನ್ನೋದು ಯಾರೋ ಸಭೆ ಸೇರಿ, ಮಾತಾಡಿ, ಒಪ್ಪಿಕೊಂಡ ಒಪ್ಪಂದ. ಮಹಾಸಭೆಯಲ್ಲಿ ಕೈಯೆತ್ತಿದವರಿಗೆ ಎಂವಿಸಿ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ತಾವು ಹದಿನೈದು ಅಂದಿದ್ದು ಹದಿನೈದಾಗಿಯೇ ಇರತ್ತೆ ಅನ್ನೋ ನಂಬಿಕೆ ಅವರದು. ಆ ನಂಬಿಕೆ ಇಡೋಕೆ ಕೋಡಿನಲ್ಲಿ ಒಂದು ಖಚಿತವಾದ ಜಾಗ ಬೇಕು. ಆ ಜಾಗದ ಹೆಸರು ಮಾಡೆಲ್.

ಪಿಎಚ್‌ಪಿ ಬರೆಯೋ ಕನ್ನಡ ಬ್ಲಾಗಿಗರೇ, ನಾಳೆ ಆಫೀಸಿಗೆ ಹೋದಾಗ ನಿಮ್ಮ ಪ್ರಾಜೆಕ್ಟಿನ ಅತಿ ಮುಖ್ಯ ಮಾಡೆಲ್ ಕ್ಲಾಸ್ ಒಂದನ್ನ ತೆಗೆದು ಓದಿ. ಅದರಿಂದ ನಿಮ್ಮ ವ್ಯವಹಾರದ ಬಗ್ಗೆ ಹೊಸಬರೊಬ್ಬರಿಗೆ ಏನಾದ್ರೂ ತಿಳಿಯತ್ತಾ, ಅಥವಾ ಬರೀ ಕಾಲಮುಗಳ ಪಟ್ಟಿಯಾ? ಏನು ಸಿಕ್ತು ಅಂತ ಬರೀರಿ. ಡೇಟಾ ಮ್ಯಾಪರ್ ಪಕ್ಷದವರು, ಆಕ್ಟಿವ್ ರೆಕಾರ್ಡ್ ಪಕ್ಷದವರು ಇಬ್ಬರಿಗೂ ಸ್ವಾಗತ. ಜಗಳ ಆಡೋಣ, ಆದ್ರೆ ಕನ್ನಡದಲ್ಲಿ ಆಡೋಣ :)